ಅಕ್ಷರ ಬಲ್ಲವರ ಹೆಬ್ಬೆಟ್ಟು

"ಮಾಮೂ, ಈ ಖಾತೆ ನನ್ನದೋ, ನಿಮ್ಮದೋ?"

ಖಾನಾಪುರದಲ್ಲಿರುವ ನನ್ನ ತಂಗಿಯ ಮಗಳು 2024ರಲ್ಲಿ ನನಗೆ ಕೇಳಿದ ಪ್ರಶ್ನೆ ಇದು. ಸಿಟ್ಟಿನಿಂದ ಕೇಳಿದ್ದಲ್ಲ. ನಮ್ಮ ಮನೆತನದ ಹೆಣ್ಣುಮಕ್ಕಳಿಗೆ ಮಾಮೂನ ಮೇಲೆ ಸಿಟ್ಟು ಬಂದರೂ ಅದನ್ನು ತೋರಿಸುವ ರೂಢಿ ಇಲ್ಲ. ಆದರೆ ಆ ಮಾತಿನಲ್ಲಿದ್ದ ದಣಿವು ಸಿಟ್ಟಿಗಿಂತ ಹೆಚ್ಚು ಚುಚ್ಚಿತು.

ಅವಳು ಬಿ.ಕಾಂ.ಗೆ ಸೇರಿದ್ದು 2022ರಲ್ಲಿ. ನಮ್ಮ ಭಾಗದ ಪದವಿ ಕಾಲೇಜುಗಳು 2010ರಲ್ಲಿ ಬೆಳಗಾವಿಯಲ್ಲಿ ಆರಂಭವಾದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಸೇರಿದವು. 2021ರಲ್ಲಿ ರಾಜ್ಯದ ವಿಶ್ವವಿದ್ಯಾಲಯಗಳಿಗೆಲ್ಲ ಯುಯುಸಿಎಂಎಸ್ ಎಂಬ ಒಂದೇ ಗಣಕ ವ್ಯವಸ್ಥೆಯನ್ನು ತರಲಾಯಿತು. ಪ್ರವೇಶ, ಪರೀಕ್ಷಾ ಅರ್ಜಿ, ಶುಲ್ಕ, ಫಲಿತಾಂಶ, ಎಲ್ಲವೂ ಅದರೊಳಗೇ. ಕಾಲೇಜಿನ ಮೆಟ್ಟಿಲು ಹತ್ತುವ ಮೊದಲೇ ವಿದ್ಯಾರ್ಥಿಗೆ ಅಲ್ಲೊಂದು ಖಾತೆ ಬೇಕು.

ಆ ಖಾತೆ ತೆರೆಸಲು ಬೆಳಗಾವಿಯಿಂದ ನಾನೇ ಹೋಗಿದ್ದೆ. ಆನ್‌ಲೈನ್ ಸೆಂಟರಿನ ಹುಡುಗ ಪಟಪಟನೆ ಎಲ್ಲ ತುಂಬಿದ. "ಮೊಬೈಲ್ ನಂಬರ್ ಹೇಳ್ರಿ ಕಾಕಾ" ಎಂದ. ಅವಳ ತಂದೆ ಗೋವಾದಲ್ಲಿ ಲಾರಿ ಓಡಿಸುತ್ತಾರೆ. ಮನೆಗಿದ್ದ ಒಂದೇ ಫೋನು ಅವರ ಜೇಬಿನಲ್ಲಿರುತ್ತಿತ್ತು. ನನ್ನ ನಂಬರ್ ಕೊಟ್ಟೆ. "ಪಾಸ್‌ವರ್ಡ್ ಏನ್ ಇಡೂಣ್ರಿ?" ಎಂದ. "ನೀನೇ ಯಾವುದರ ಒಂದು ಇಡಪಾ" ಎಂದೆ. ಅವಳ ಹೆಸರಿನ ಮುಂದೆ 123 ಹಚ್ಚಿ, ಉದ್ದನೆಯ ನೋಟ್‌ಬುಕ್ಕೊಂದರಲ್ಲಿ ಬರೆದುಕೊಂಡ. ಆ ಪುಟದಲ್ಲಿ ಅಂಥ ಮೂವತ್ತು ಹೆಸರುಗಳಾದರೂ ಇದ್ದವು. ಹುಡುಗಿ ನಮ್ಮಿಬ್ಬರ ಬೆನ್ನ ಹಿಂದೆ ನಿಂತಿದ್ದಳು. ಪರದೆ ಅವಳಿಗೆ ಕಾಣುತ್ತಲೂ ಇರಲಿಲ್ಲ.

ಎರಡು ವರ್ಷದ ನಂತರ ಪರೀಕ್ಷಾ ಅರ್ಜಿ ತುಂಬುವ ಕೊನೆಯ ದಿನ ಆ ಪಾಸ್‌ವರ್ಡ್ ಹತ್ತಲಿಲ್ಲ. ಯಾವಾಗಲೋ ಅಂಗಡಿಯ ಹುಡುಗ ಬದಲಾಯಿಸಿದ್ದನಂತೆ. ಅಂದು ಅವನು ಯಾರದೋ ಮದುವೆಗೆ ಹೋಗಿದ್ದ, ಅಂಗಡಿ ಮುಚ್ಚಿತ್ತು. ಹೊಸ ಪಾಸ್‌ವರ್ಡ್ ಇಡಬೇಕೆಂದರೆ ಓಟಿಪಿ ಬರುವುದು ನನ್ನ ಫೋನಿಗೆ. ನಾನು ಗೋವಾದ ರೈಲಿನಲ್ಲಿದ್ದೆ. ಲೋಂಡಾ ದಾಟಿದ ಮೇಲೆ ಕಾಡು, ಕ್ಯಾಸಲ್‌ರಾಕ್ ದಾಟಿದ ಮೇಲೆ ಸುರಂಗಗಳ ಸಾಲು. ಫೋನಿಗೆ ಜೀವ ಬಂದಾಗ ಒಂದರ ಹಿಂದೊಂದು ಮೂರು ಓಟಿಪಿ, ಹನ್ನೊಂದು ಮಿಸ್ಡ್ ಕಾಲ್ ಬಂದು ಬಿದ್ದವು. ಹೊತ್ತು ಮೀರಿತ್ತು. ಮರುವಾರ ದಂಡ ಕಟ್ಟಿ ಅರ್ಜಿ ಹಾಕಿದೆವು. ದಂಡದ ಹಣವನ್ನು ನಾನೇ ಕೊಟ್ಟೆ. ಆಗ ಅವಳು ಆ ಪ್ರಶ್ನೆ ಕೇಳಿದಳು.

ಇಲ್ಲಿ ಕೆಟ್ಟವರು ಯಾರೂ ಇಲ್ಲ. ಅಂಗಡಿಯ ಹುಡುಗ ಒಂದು ರೂಪಾಯಿ ಹೆಚ್ಚು ತೆಗೆದುಕೊಂಡವನಲ್ಲ. ನಾನು ಸಹಾಯ ಮಾಡಲೆಂದೇ ಹೋದವನು. ಹಾಗಿದ್ದೂ ಆ ಹುಡುಗಿಯ ಹೆಸರಿನಲ್ಲಿದ್ದ ಒಂದು ವಸ್ತು ಎರಡು ವರ್ಷ ಅವಳ ಕೈಯಲ್ಲಿರಲಿಲ್ಲ. ಕೆಡುಕು ಬಯಸದವರು ಮಾಡುವ ಅನ್ಯಾಯ ಎಂಬುದೊಂದಿದೆ. ಅದರ ಬಗ್ಗೆ ನಾವು ಮಾತಾಡುವುದು ಬಹಳ ಕಡಿಮೆ.

ನನ್ನ ಅಬ್ಬಾ ಖಾನಾಪುರದ ಹಂಚಿನ ಕಾರ್ಖಾನೆಯೊಂದರಲ್ಲಿ ಹಾಜರಿ ಬರೆಯುವ ಕಾರಕೂನರಾಗಿದ್ದರು. ಶನಿವಾರ ಪಗಾರದ ದಿನ. ಮಣ್ಣು ಹದಮಾಡುವ ಹೆಂಗಸರು, ಭಟ್ಟಿಗೆ ಕಟ್ಟಿಗೆ ಒಟ್ಟುವ ಗಂಡಸರು ಸಾಲಾಗಿ ಬಂದು ದಪ್ಪ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದರು. ಮೊದಲು ಹೆಬ್ಬೆಟ್ಟು ಒತ್ತಿಸಿಕೊಂಡು ಆಮೇಲೆ ಮೊತ್ತ ಬರೆಯುವುದು ಅಲ್ಲಿದ್ದ ಪದ್ಧತಿ. ಕೆಲಸ ಬೇಗ ಮುಗಿಯುತ್ತದೆ ಎಂಬುದು ಅದಕ್ಕೆ ಕೊಡುವ ಕಾರಣ. ಅಬ್ಬಾ ಮಾತ್ರ ಹಾಗೆ ಮಾಡುತ್ತಿರಲಿಲ್ಲ. ಮೊತ್ತ ಬರೆದು, ಅದನ್ನು ಗಟ್ಟಿಯಾಗಿ ಓದಿ ಹೇಳಿ, ಎದುರಿನವರು ತಲೆಯಾಡಿಸಿದ ಮೇಲೆಯೇ ಶಾಯಿ ಡಬ್ಬಿ ಮುಂದೆ ಸರಿಸುತ್ತಿದ್ದರು. ಸಾಲು ಉದ್ದವಾಗುತ್ತಿತ್ತು, ಮೇಲಿನವರು ಗೊಣಗುತ್ತಿದ್ದರು. ಮನೆಗೆ ತಡವಾಗಿ ಬಂದು ಅಮ್ಮಿಗೆ ಹೇಳುತ್ತಿದ್ದರು, "ಓದದೆ ಒತ್ತಿದ ಹೆಬ್ಬೆಟ್ಟು ಅವನದಲ್ಲ, ಒತ್ತಿಸಿಕೊಂಡವನದು."

ಆಗ ಅಕ್ಷರ ಬಾರದವರ ಹೆಬ್ಬೆಟ್ಟಿತ್ತು. ಈಗ ಅಕ್ಷರ ಬಲ್ಲವರ ಹೆಬ್ಬೆಟ್ಟಿದೆ. ಓಟಿಪಿ ಎಂಬ ಆರು ಅಂಕಿಗಳನ್ನು ಯಾಕೆ, ಯಾವುದಕ್ಕೆ ಎಂದು ಕೇಳದೆ ಫೋನಿನಲ್ಲಿ ಓದಿ ಹೇಳುವ ಪದವೀಧರನಿಗೂ, ಖಾಲಿ ಗೆರೆಯ ಮೇಲೆ ಹೆಬ್ಬೆಟ್ಟು ಒತ್ತಿದ ಆ ಹಂಚಿನ ಕಾರ್ಖಾನೆಯ ಹೆಂಗಸಿಗೂ ಏನು ವ್ಯತ್ಯಾಸ? ಒಂದು ವ್ಯತ್ಯಾಸವಿದೆ. ಆಕೆಗೆ ಬೇರೆ ದಾರಿ ಇರಲಿಲ್ಲ.

ನಮ್ಮ ಕಡೆ ಹೊಲದ ಉತಾರದಲ್ಲಿ ಒಂದು ಹೆಸರು ತಪ್ಪಿದರೆ ಅಣ್ಣತಮ್ಮಂದಿರು ಹತ್ತು ವರ್ಷ ಕೋರ್ಟು ತುಳಿಯುತ್ತಾರೆ. ಅದೇ ಜನ ಮಕ್ಕಳ ವಿಶ್ವವಿದ್ಯಾಲಯದ ಖಾತೆಯನ್ನು ಪರಿಚಯವಿಲ್ಲದವರ ನೋಟ್‌ಬುಕ್ಕಿನಲ್ಲಿ ಬಿಟ್ಟು ಬರುತ್ತಾರೆ. ಆ ಖಾತೆಯೊಳಗೆ ಏನಿದೆ? ಹೆಸರು, ಜನ್ಮದಿನ, ಜಾತಿ ಆದಾಯದ ಪ್ರಮಾಣಪತ್ರ, ಫೋಟೋ, ಸಹಿ, ಅಂಕಗಳು. ವಿದ್ಯಾರ್ಥಿವೇತನದ ಖಾತೆಯಾದರೆ ಆಧಾರ್ ಮತ್ತು ಬ್ಯಾಂಕಿನ ವಿವರ ಕೂಡ. ಅದರೊಳಗೆ ಕುಳಿತು ಯಾರು ಏನು ಒತ್ತಿದರೂ ಒತ್ತಿದ್ದು ನಮ್ಮ ಮಗಳೇ ಎಂದು ಯಂತ್ರ ನಂಬುತ್ತದೆ. ಯಂತ್ರಕ್ಕೆ ಮುಖ ಗೊತ್ತಿಲ್ಲ, ಗುಟ್ಟಿನ ಪದ ಮಾತ್ರ ಗೊತ್ತು.

ಇದರಿಂದ ಏನಾಗುತ್ತದೆ ಎನ್ನುವವರು ನಮ್ಮ ರಾಜ್ಯದಲ್ಲೇ ಆದದ್ದನ್ನು ನೆನಪಿಸಿಕೊಳ್ಳಬೇಕು. 2024ರ ಕೊನೆಯಲ್ಲಿ ಎಂಜಿನಿಯರಿಂಗ್ ಸೀಟು ತಡೆಹಿಡಿಯುವ ದಂಧೆ ಬಯಲಿಗೆ ಬಂತು. ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರವೇ ದೂರು ಕೊಟ್ಟಿತು. ಡಿಸೆಂಬರ್‌ನಲ್ಲಿ ಬೆಂಗಳೂರಿನ ಮಲ್ಲೇಶ್ವರಂ ಪೊಲೀಸರು ಪ್ರಾಧಿಕಾರದ ನೌಕರನೊಬ್ಬನೂ ಸೇರಿ ಹತ್ತು ಮಂದಿಯನ್ನು ಬಂಧಿಸಿದರು. ಕಾಲೇಜು ಸೇರುವ ಇರಾದೆ ಇಲ್ಲದ ವಿದ್ಯಾರ್ಥಿಗಳ ಲಾಗಿನ್ ಮತ್ತು ಪಾಸ್‌ವರ್ಡ್ ಪಡೆದು, ಅವರ ಹೆಸರಿನಲ್ಲಿ ಬೇಡಿಕೆಯ ಸೀಟುಗಳನ್ನು ಆರಿಸಿ, ಕೊನೆಗೆ ಯಾರೂ ಸೇರದಂತೆ ಮಾಡಿ, ಖಾಲಿ ಉಳಿದ ಸೀಟನ್ನು ದುಬಾರಿಗೆ ಮಾರಲು ದಾರಿ ಮಾಡಿಕೊಡುತ್ತಿದ್ದರು ಎಂಬುದು ಅವರ ಮೇಲಿನ ಆರೋಪ. ತಾನು ಹೇಗೂ ಸೇರುವುದಿಲ್ಲ, ಪಾಸ್‌ವರ್ಡ್ ಕೊಟ್ಟರೆ ನನಗೇನು ನಷ್ಟ ಎಂದುಕೊಂಡ ಹುಡುಗರು ಅವರಲ್ಲಿ ಇದ್ದಿರಬಹುದು. ನಷ್ಟ ಅವನಿಗಲ್ಲ. ಅದೇ ಸೀಟಿಗಾಗಿ ರಾತ್ರಿ ಓದಿ ರ್ಯಾಂಕ್ ಪಡೆದ ಬೇರೊಂದು ಬಡಮಗುವಿಗೆ.

ಇನ್ನೊಂದು ಸಂಗತಿ ನಮ್ಮ ಸಮುದಾಯಕ್ಕೆ ಇನ್ನೂ ಹತ್ತಿರದ್ದು. 2020ರಲ್ಲಿ ಝಾರ್ಖಂಡ್‌ನಲ್ಲಿ ಅಲ್ಪಸಂಖ್ಯಾತ ವಿದ್ಯಾರ್ಥಿವೇತನದ ಹಗರಣವನ್ನು ಪತ್ರಿಕೆಗಳು ಹೊರಗೆಳೆದವು. ಶಾಲೆಗಳ ಲಾಗಿನ್ ಮತ್ತು ಪಾಸ್‌ವರ್ಡ್ ದಲ್ಲಾಳಿಗಳ ಕೈ ಸೇರಿ, ಓದದವರ ಹೆಸರಿನಲ್ಲೂ ಹಣ ಹೋಗುತ್ತಿತ್ತು. 2023ರಲ್ಲಿ ಕೇಂದ್ರದ ಅಲ್ಪಸಂಖ್ಯಾತ ವ್ಯವಹಾರಗಳ ಸಚಿವಾಲಯ 1,572 ಸಂಸ್ಥೆಗಳನ್ನು ಪರಿಶೀಲಿಸಿದಾಗ 830 ಸಂಸ್ಥೆಗಳು ನಕಲಿ ಅಥವಾ ಮುಚ್ಚಿಹೋದವು ಎಂದು ಕಂಡುಬಂದು, ತನಿಖೆ ಸಿಬಿಐಗೆ ಹೋಯಿತು. ಕಳ್ಳರು ಗೋಡೆ ಒಡೆದು ಬಂದಿರಲಿಲ್ಲ. ಎಲ್ಲೋ ಒಬ್ಬ ಮಾಸ್ತರ, ಎಲ್ಲೋ ಒಬ್ಬ ಗುಮಾಸ್ತ "ನೀನೇ ತುಂಬಿಬಿಡಪ್ಪ, ನನಗೆ ಇದೆಲ್ಲ ತಿಳಿಯುವುದಿಲ್ಲ" ಎಂದು ಕೀಲಿಕೈ ಕೊಟ್ಟಿದ್ದರೂ ಸಾಕು, ಬಾಗಿಲು ತೆರೆಯುತ್ತದೆ. ಅರ್ಹ ಮಕ್ಕಳ ಪಾಲಿನ ಅನ್ನ ಹಾಗೆ ಹೋಯಿತು.

ಪಾಸ್‌ವರ್ಡಿನ ಕಥೆ ಶುರುವಾದದ್ದೇ ವಿಶ್ವವಿದ್ಯಾಲಯದಲ್ಲಿ. ಅಮೆರಿಕದ ಎಂಐಟಿಯಲ್ಲಿ 1960ರ ದಶಕದ ಆರಂಭದಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಒಂದೇ ಗಣಕಯಂತ್ರವನ್ನು ಹಲವರು ಹಂಚಿಕೊಂಡು ಬಳಸುವ ವ್ಯವಸ್ಥೆ ಕಟ್ಟಿದರು. ಯಂತ್ರ ಎಲ್ಲರದು, ಆದರೆ ಪ್ರತಿಯೊಬ್ಬರ ಕಡತ ಮತ್ತು ಸಮಯ ಅವರವರದು. ಅದಕ್ಕಾಗಿ ಗುಟ್ಟಿನ ಪದ ಬಂತು. ಬಂದ ಸ್ವಲ್ಪ ಕಾಲದಲ್ಲೇ, 1962ರಲ್ಲಿ, ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿ ತನಗೆ ಕೊಟ್ಟ ಸಮಯ ಸಾಲದೆಂದು ಎಲ್ಲರ ಪಾಸ್‌ವರ್ಡುಗಳಿದ್ದ ಕಡತವನ್ನೇ ಮುದ್ರಿಸಿಕೊಂಡು ಬೇರೆಯವರ ಸಮಯ ಬಳಸಿದ. ಸುಮಾರು ಇಪ್ಪತ್ತೈದು ವರ್ಷಗಳ ನಂತರ ಅದನ್ನು ತಾನೇ ಒಪ್ಪಿಕೊಂಡ. ಅವನು ಕಳ್ಳನಲ್ಲ, ಓದುವ ಹಸಿವಿದ್ದ ಹುಡುಗ. ಆದರೆ ಅವನು ಬಳಸಿದ ಪ್ರತಿ ಗಂಟೆಯೂ ಇನ್ನೊಬ್ಬನ ಪಾಲಿನದಾಗಿತ್ತು. ಪಾಸ್‌ವರ್ಡ್ ಹುಟ್ಟಿದ್ದು ಹಂಚಿಕೊಳ್ಳುವ ಜಾಗದಲ್ಲಿ ಒಬ್ಬರ ಪಾಲು ಇನ್ನೊಬ್ಬರು ತಿನ್ನದಿರಲಿ ಎಂದು.

ಇಲ್ಲಿ ನನ್ನ ಎರಡು ಭಾಷೆಗಳು ಒಂದು ತಮಾಷೆ ಮಾಡುತ್ತವೆ. ನಾನು ಮೊದಲು ಓದಿದ್ದು ಉರ್ದು ಶಾಲೆಯಲ್ಲಿ, ಆಮೇಲೆ ಕನ್ನಡ ಹೈಸ್ಕೂಲಿನಲ್ಲಿ. ಮನೆಯಲ್ಲಿ ಅಮಾನತ್ ಎಂದರೆ ಇನ್ನೊಬ್ಬರು ನಂಬಿ ನಮ್ಮಲ್ಲಿ ಇಟ್ಟ ವಸ್ತು. ನೆರೆಮನೆಯವರು ಊರಿಗೆ ಹೋಗುವಾಗ ಅಮ್ಮಿಯ ಕೈಯಲ್ಲಿಟ್ಟು ಹೋಗುತ್ತಿದ್ದ ಬಂಗಾರದ ಗಂಟು ಅಮಾನತ್. ಕನ್ನಡ ಪತ್ರಿಕೆ ಓದಲು ಕಲಿತಾಗ "ತಲಾಠಿ ಅಮಾನತು" ಎಂಬ ತಲೆಬರಹ ಕಂಡು, ತಲಾಠಿಯನ್ನು ಯಾರು ಯಾರ ಮನೆಯಲ್ಲಿ ಇಟ್ಟರು ಎಂದು ತಲೆ ಕೆಡಿಸಿಕೊಂಡಿದ್ದೆ. ಈಗ ಅನ್ನಿಸುತ್ತದೆ, ಎರಡೂ ಅರ್ಥ ಅಷ್ಟೇನೂ ದೂರವಿಲ್ಲ. ಅಮಾನತ್ ಕಾಯದವನು ಒಂದಲ್ಲ ಒಂದು ದಿನ ಅಮಾನತಾಗುತ್ತಾನೆ.

ಪ್ರವಾದಿ ಮುಹಮ್ಮದರು (ಸ) 622ರಲ್ಲಿ ಮಕ್ಕಾ ಬಿಟ್ಟು ಮದೀನಾಕ್ಕೆ ಹೊರಟ ಪ್ರಸಂಗ ನಮ್ಮ ಮಕ್ಕಳಿಗೆಲ್ಲ ಗೊತ್ತು. ಅವರ ಜೀವ ತೆಗೆಯಲು ಹೊರಟ ಊರಿನ ಜನರೇ ತಮ್ಮ ಬೆಲೆಬಾಳುವ ವಸ್ತುಗಳನ್ನು ಅವರಲ್ಲಿ ಇಟ್ಟಿದ್ದರು. ಅವುಗಳನ್ನು ಒಡೆಯರಿಗೆ ಮುಟ್ಟಿಸಲೆಂದೇ ಹಜರತ್ ಅಲಿ ಅವರನ್ನು ಹಿಂದೆ ಬಿಟ್ಟು ಹೋದರು. ಈ ಪ್ರಸಂಗವನ್ನು ನಾವು ಪ್ರಾಮಾಣಿಕತೆಯ ಉದಾಹರಣೆಯಾಗಿ ಹೇಳುತ್ತೇವೆ. ಅದರಲ್ಲಿ ಇನ್ನೊಂದು ಪಾಠವೂ ಇದೆ. ಅಮಾನತ್ತಿನ ಗುರಿ ಇಟ್ಟುಕೊಳ್ಳುವುದಲ್ಲ, ಒಡೆಯರಿಗೆ ತಿರುಗಿ ಮುಟ್ಟಿಸುವುದು. ಮಗಳ ಖಾತೆಯನ್ನು ಅವಳಿಗಾಗಿ ತೆರೆದ ಮಾಮೂ ಅದನ್ನು ಅವಳಿಗೆ ತಿರುಗಿ ಕೊಡಲು ಮರೆತರೆ, ಅವನು ಸಹಾಯ ಮಾಡಿದವನೋ, ಇಟ್ಟುಕೊಂಡವನೋ?

ಆದರೆ ನಮ್ಮ ಗಲ್ಲಿಗಳಲ್ಲಿ ಒಂದು ಮಾತು ಬಂದೇ ಬರುತ್ತದೆ: "ಅಷ್ಟೂ ನಂಬಿಗಿ ಇಲ್ಲೇನ?" ಗೆಳತಿ ಕೇಳುತ್ತಾಳೆ, ರೂಮಿನವನು ಕೇಳುತ್ತಾನೆ, ಅಣ್ಣ ಕೇಳುತ್ತಾನೆ. ಬೆಳಗಾವಿಯ ಹಳೆಯ ಗಲ್ಲಿಗಳಲ್ಲಿ ಬಾಗಿಲು ಹಾಕಿಕೊಂಡು ಕೂತರೆ ನೆರೆಯವರಿಗೆ ಅವಮಾನ. ಸಕ್ಕರೆ, ಒಳಕಲ್ಲು, ಹಬ್ಬದ ದಿನ ಕುರ್ಚಿ, ಎಲ್ಲ ಹಂಚಿಕೊಂಡು ಬದುಕಿದವರು ನಾವು. ಇಂಥ ಜಾಗದಲ್ಲಿ ಪಾಸ್‌ವರ್ಡ್ ಹೇಳುವುದಿಲ್ಲ ಎನ್ನುವುದು ಗೆಳೆತನದ ಮುಖಕ್ಕೆ ಬಾಗಿಲು ಹಾಕಿದಂತೆ ಕಾಣುತ್ತದೆ. ಈ ಸಂಕೋಚವನ್ನು ಹಗುರವಾಗಿ ಕಾಣಬಾರದು. ಇದು ಒಳ್ಳೆಯ ಗುಣದಿಂದಲೇ ಹುಟ್ಟಿದ್ದು.

ಆದರೂ ಯೋಚಿಸಬೇಕು. ನಮ್ಮದನ್ನು ನಾವು ಕೊಡಬಹುದು. ಸಕ್ಕರೆ ನನ್ನದು, ಕೊಟ್ಟೆ. ವಿಶ್ವವಿದ್ಯಾಲಯದ ಖಾತೆ ಪೂರ್ತಿ ನನ್ನದಲ್ಲ. ಅದರಲ್ಲಿ ನನ್ನ ಹೆಸರಿದೆ, ಜೊತೆಗೆ ಸಂಸ್ಥೆಯ ನಂಬಿಕೆಯೂ ಇದೆ. ಆ ಖಾತೆಯಿಂದ ಹೋದ ಒಂದು ಪತ್ರ ಸಂಸ್ಥೆಯ ಹೆಸರಿನಲ್ಲಿ ಹೋಗುತ್ತದೆ. ಆ ಖಾತೆಯಿಂದ ಒಳಬಂದ ವೈರಸ್ ಎಲ್ಲರ ಕಡತಗಳನ್ನು ಕೆಡಿಸಬಲ್ಲದು. ಬೇರೆಯವರ ಪಾಲೂ ಇರುವ ವಸ್ತುವನ್ನು ದಾನ ಮಾಡುವುದು ಔದಾರ್ಯವಲ್ಲ. ನೆಚ್ಚಿನ ಗೆಳೆಯನಾದವನು ಅದನ್ನು ಕೇಳಬಾರದು. ಕೇಳಿದ ಮೇಲೆ ಇಲ್ಲವೆಂದವನ ಮೇಲೆ ಮುನಿಯಬಾರದು.

ಕಾನೂನೂ ಇಲ್ಲಿ ಸ್ಪಷ್ಟವಾಗಿದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರಲ್ಲಿ ತಂದ ತಿದ್ದುಪಡಿಯ 66ಸಿ ಕಲಮಿನ ಪ್ರಕಾರ ಇನ್ನೊಬ್ಬರ ಪಾಸ್‌ವರ್ಡನ್ನು ವಂಚನೆಯಿಂದ ಅಥವಾ ಅಪ್ರಾಮಾಣಿಕವಾಗಿ ಬಳಸಿದರೆ ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಆದರೆ ಕಾನೂನು ಎಚ್ಚರಗೊಳ್ಳುವುದು ವಂಚನೆ ನಡೆದ ಮೇಲೆ. ವಂಚನೆಯೇ ಇಲ್ಲದೆ ಪ್ರೀತಿಯ ಹೆಸರಿನಲ್ಲಿ ನಡೆಯುವ ಅತಿಕ್ರಮ ಈ ಕಲಮಿನಡಿ ಬರುವುದಿಲ್ಲ. ಅಲ್ಲಿ ನಮಗೆ ನಾವೇ ನ್ಯಾಯಾಧೀಶರು.

ಈಗ ನನ್ನ ತಪ್ಪಿನ ಇನ್ನೊಂದರ್ಧ ಹೇಳಬೇಕು. ದಂಡ ಕಟ್ಟಿದ ಪ್ರಸಂಗಕ್ಕೂ ಮೊದಲು ನಡೆದದ್ದು. ಆಗ ಪಾಸ್‌ವರ್ಡ್ ಇನ್ನೂ ಹಳೆಯದೇ ಇತ್ತು. ಸೆಮಿಸ್ಟರ್ ಫಲಿತಾಂಶ ಬಂದಿದೆ ಎಂದು ಯಾರೋ ಹೇಳಿದರು. ಪಾಸ್‌ವರ್ಡ್ ಗೊತ್ತಿತ್ತು, ಓಟಿಪಿ ಬಂದರೂ ನನ್ನ ಫೋನಿಗೇ. ಬೆಳಗಾವಿಯಲ್ಲಿ ಕುಳಿತು ಅವಳ ಖಾತೆ ತೆರೆದೆ. ಒಂದು ವಿಷಯದಲ್ಲಿ ನಪಾಸು. ತಕ್ಷಣ ಗೋವಾಕ್ಕೆ ಫೋನ್ ಮಾಡಿ ಅವಳ ತಂದೆಗೆ ಹೇಳಿದೆ. ಕಾಳಜಿಯಿಂದಲೇ ಹೇಳಿದೆ ಎಂದು ಆಗ ನಂಬಿದ್ದೆ. ಅವರು ರಾತ್ರಿ ತಂಗಿಗೆ ಫೋನ್ ಮಾಡಿ, "ಓದಿದ್ದು ಸಾಕು, ಬಂದಿರುವ ಸಂಬಂಧ ನೋಡೋಣ" ಎಂದರು. ಮಗಳಿಗೆ ತನ್ನ ಫಲಿತಾಂಶ ತಿಳಿದದ್ದು ತಾಯಿ ಅಳುತ್ತ ಕುಳಿತದ್ದನ್ನು ನೋಡಿ.

ತಂಗಿ ಹಟ ಹಿಡಿದದ್ದರಿಂದ ಓದು ನಿಲ್ಲಲಿಲ್ಲ. ಹುಡುಗಿ ಆ ಪರೀಕ್ಷೆಯನ್ನು ಮತ್ತೆ ಬರೆದು ಪಾಸಾದಳು. ಆದರೆ ಅವಳು ನನಗೆ ಹೇಳಿದ ಮಾತು ಮರೆತಿಲ್ಲ: "ಫೇಲಾಗಿದ್ದು ನಾನು, ಮಾಮೂ. ಅಬ್ಬಾಗೆ ಹೇಗೆ ಹೇಳಬೇಕು, ಮುಂದೇನು ಮಾಡುತ್ತೇನೆ ಎಂದು ಹೇಳುವ ಅವಕಾಶವಾದರೂ ನನಗೆ ಸಿಗಬೇಕಿತ್ತು."

ಪಾಸ್‌ವರ್ಡ್ ಅವಳದಾಗಿದ್ದರೆ ಆ ಒಂದು ಸಂಜೆಯಾದರೂ ಅವಳದಾಗಿರುತ್ತಿತ್ತು. ನಮ್ಮ ಎಷ್ಟು ಮನೆಗಳಲ್ಲಿ ಹೆಣ್ಣುಮಗಳ ಪಾಸ್‌ವರ್ಡ್ ಅಣ್ಣನ ಬಳಿ, ಹೆಂಡತಿಯದು ಗಂಡನ ಬಳಿ ಇರುತ್ತದೆ! ರಕ್ಷಣೆಗಾಗಿ ಎನ್ನುತ್ತೇವೆ. ಅಣ್ಣನ ಪಾಸ್‌ವರ್ಡ್ ತಂಗಿಯ ಬಳಿ ಇರುವ ಒಂದು ಮನೆಯನ್ನಾದರೂ ನೋಡಿದ್ದೀರಾ? ರಕ್ಷಣೆ ಒಂದೇ ದಿಕ್ಕಿಗೆ ಹರಿಯುತ್ತಿದ್ದರೆ ಅದಕ್ಕೆ ಬೇರೆ ಹೆಸರಿರಬೇಕು. ಇನ್ನೊಬ್ಬರ ಮನೆಯ ಹೊಸ್ತಿಲಲ್ಲಿ ನಿಂತು ಸಲಾಂ ಹೇಳಿ, ಒಳಗಿನಿಂದ ಅಪ್ಪಣೆ ಬರುವವರೆಗೆ ಕಾಯಬೇಕೆಂದು ನಮ್ಮ ಧರ್ಮ ಕಲಿಸಿದೆ. ಮನೆಯೊಳಗಿನವರ ಖಾಸಗಿ ಹೊತ್ತಿಗೂ ಆ ಅದಬ್ ಇದೆ. ಖಾತೆಯ ಹೊಸ್ತಿಲಿಗೆ ಮಾತ್ರ ಅದು ಬೇಡವೇ? ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಸರ್ಕಾರ ನಮ್ಮ ಮನೆಯೊಳಗೆ ಇಣುಕಬಾರದು ಎಂದು ನಾವೆಲ್ಲ ಆ ತೀರ್ಪನ್ನು ಸ್ವಾಗತಿಸಿದೆವು. ನಾವು ನಮ್ಮ ಮಕ್ಕಳ ಖಾತೆಯೊಳಗೆ ಇಣುಕುವುದರ ಬಗ್ಗೆ ಸುಮ್ಮನಿದ್ದೆವು.

ಹಾಗಾದರೆ ಎಲ್ಲದಕ್ಕೂ ಬೀಗ ಜಡಿದು ಕೂರುವುದೇ ಒಳ್ಳೆಯತನವೇ? ಇಲ್ಲಿ ನಿಜವಾಗಿ ಕಷ್ಟದ ಪ್ರಶ್ನೆಯೊಂದಿದೆ. ವಿಶ್ವವಿದ್ಯಾಲಯದ ಖಾತೆಯಿದ್ದವನಿಗೆ ಸಾವಿರಾರು ಜ್ಞಾನಪತ್ರಿಕೆಗಳು ಸಿಗುತ್ತವೆ. ಓದು ಬಿಟ್ಟು ಗ್ಯಾರೇಜು ಸೇರಿದ ಅವನ ಗೆಳೆಯನಿಗೆ ಸಿಗುವುದಿಲ್ಲ. ಆ ಗೆಳೆಯ ಬಂದು "ಒಂದು ವಾರ ನಿನ್ನ ಲಾಗಿನ್ ಕೊಡು, ಓದಿ ಕೊಡ್ತೇನಿ" ಎಂದರೆ? ವಿದ್ಯೆಯನ್ನು ಬಚ್ಚಿಡುವುದು ಪಾಪವಲ್ಲವೇ? ಅಮೆರಿಕದ ಆರನ್ ಸ್ವಾರ್ಟ್ಜ್ ಎಂಬ ತರುಣ ಎಂಐಟಿಯ ಜಾಲದ ಮೂಲಕ ಲಕ್ಷಾಂತರ ವಿದ್ವತ್ ಲೇಖನಗಳನ್ನು ಇಳಿಸಿಕೊಂಡದ್ದಕ್ಕೆ 2011ರಲ್ಲಿ ಬಂಧಿತನಾದ. ದೊಡ್ಡ ಶಿಕ್ಷೆಯ ಭೀತಿ ತಲೆಯ ಮೇಲೆ ತೂಗುತ್ತಿರುವಾಗಲೇ 2013ರ ಜನವರಿಯಲ್ಲಿ ತನ್ನ ಇಪ್ಪತ್ತಾರನೆಯ ವಯಸ್ಸಿನಲ್ಲಿ ಜೀವ ಕಳೆದುಕೊಂಡ. ಅವನು ಕೇಳಿದ ಪ್ರಶ್ನೆ ಸುಳ್ಳಾಗಿರಲಿಲ್ಲ. ಸಾರ್ವಜನಿಕರ ಹಣದಿಂದ ನಡೆದ ಸಂಶೋಧನೆಗೆ ಯಾಕೆ ಇಷ್ಟು ಎತ್ತರದ ಗೋಡೆ?

ಗೋಡೆಯನ್ನು ಪ್ರಶ್ನಿಸಬೇಕು. ಆದರೆ ಅದಕ್ಕೆ ಗೆಳೆಯನ ಕೀಲಿಕೈ ಉತ್ತರವಲ್ಲ, ಏಕೆಂದರೆ ಅದರಿಂದ ಒಬ್ಬನಿಗೆ ಬಾಗಿಲು ತೆರೆಯುತ್ತದೆ, ಗೋಡೆ ಹಾಗೇ ಉಳಿಯುತ್ತದೆ. ಬಾಗಿಲುಗಳು ತೆರೆದದ್ದೂ ಇದೆ. ಒಂದು ದೇಶ ಒಂದು ಚಂದಾದಾರಿಕೆ ಯೋಜನೆಗೆ ಕೇಂದ್ರ ಸಂಪುಟ 2024ರ ನವೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟು, 2025ರ ಜನವರಿಯಿಂದ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ತೆಗೆದಿಟ್ಟಿತು. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು 6,300 ಸರ್ಕಾರಿ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಸಿಗುವಂತೆ ಮಾಡುವ ಯೋಜನೆ ಇದು. ಗ್ಯಾರೇಜಿನ ಗೆಳೆಯ ಇನ್ನೂ ಹೊರಗೇ ಇದ್ದಾನೆ, ನಿಜ. ಅವನಿಗೆ 2020ರಲ್ಲಿ ಶುರುವಾದ ಕರ್ನಾಟಕದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯವನ್ನು, ಖರಗಪುರ ಐಐಟಿ ಕಟ್ಟಿದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವನ್ನು ತೋರಿಸಿ, ಅವನ ಹೆಸರಿನಲ್ಲೇ ಖಾತೆ ತೆರೆದುಕೊಳ್ಳಲು ಜೊತೆಗೆ ಕೂರಬಹುದು. ಓದಿದ್ದನ್ನು ಕೂತು ಹೇಳಿಕೊಡಬಹುದು. ಕೀಲಿಕೈ ಕೊಡದೆಯೂ ವಿದ್ಯೆ ಕೊಡಲು ಎಷ್ಟೋ ದಾರಿಗಳಿವೆ. ಅವೆಲ್ಲ ಸ್ವಲ್ಪ ಹೆಚ್ಚು ಸಮಯ ಕೇಳುತ್ತವೆ, ಅಷ್ಟೇ.

ಇನ್ನು ಮಾಡಬೇಕಾದದ್ದೇನು ಎಂಬುದಕ್ಕೆ ಬರುತ್ತೇನೆ. ಇದು ಪಂಡಿತರ ಮಾತಲ್ಲ, ಪೆಟ್ಟು ತಿಂದವನ ಮಾತು.

ಖಾತೆ ತೆರೆಯುವಾಗ ಕುರ್ಚಿಯಲ್ಲಿ ಕೂರಬೇಕಾದವರು ವಿದ್ಯಾರ್ಥಿ. ನಾವು ಪಕ್ಕದಲ್ಲಿ ನಿಲ್ಲಬೇಕು. ಮೊಬೈಲ್ ನಂಬರ್, ಇ-ಮೇಲ್ ಅವರದೇ ಇರಬೇಕು. ಮನೆಯಲ್ಲಿ ಒಂದು ಸಿಮ್ ಮಾತ್ರ ಕೊಳ್ಳುವ ಶಕ್ತಿ ಇದ್ದರೆ, ಕಾಲೇಜಿಗೆ ಹೋಗುವ ಮಗುವಿಗೇ ಅದನ್ನು ಕೊಡಿ ಎನ್ನುತ್ತೇನೆ. ಪಾಸ್‌ವರ್ಡ್ ಉದ್ದವಿರಲಿ. ವಿಚಿತ್ರ ಚಿಹ್ನೆಗಳಿಗಿಂತ ಉದ್ದವೇ ಹೆಚ್ಚು ಬಲ, ಕಾರಣವಿಲ್ಲದೆ ಪದೇ ಪದೇ ಬದಲಾಯಿಸುವುದೂ ಬೇಡ ಎಂದು ಅಮೆರಿಕದ ರಾಷ್ಟ್ರೀಯ ಮಾನದಂಡ ಸಂಸ್ಥೆ 2017ರಲ್ಲೇ ಹೇಳಿದೆ. ಹೆಸರು, ಜನ್ಮದಿನ, 123 ಬೇಡ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದ ಜೋಡಿಸಿ. ಹಲಸು, ಕಂದೀಲು, ಜಟಕಾ, ನವಿಲು ಎಂಬಂತೆ. (ಇದನ್ನೇ ಇಡಬೇಡಿ, ಈಗ ಇದು ಅಚ್ಚಾಗಿದೆ.) ಆ ಪದ ಇನ್ನೆಲ್ಲೂ ಮರುಬಳಕೆ ಆಗದಿರಲಿ. ಪಾಸ್‌ವರ್ಡಿನ ಜೊತೆಗೆ ಎರಡನೆಯ ಗುರುತು ಕೇಳುವ ಸೌಲಭ್ಯವಿದ್ದರೆ ಅದನ್ನು ಚಾಲೂ ಮಾಡಿ. ಅಂಗಡಿಯ ಅಥವಾ ಲ್ಯಾಬಿನ ಗಣಕದಲ್ಲಿ ಕೆಲಸ ಮುಗಿದ ಮೇಲೆ ಲಾಗೌಟ್ ಮಾಡದೆ ಏಳುವುದು ಬಾಗಿಲು ತೆರೆದಿಟ್ಟು ಊರಿಗೆ ಹೋದಂತೆ. ಅಲ್ಲಿ ಇಳಿಸಿದ ಅಂಕಪಟ್ಟಿ, ಆಧಾರ್ ಪ್ರತಿಯನ್ನು ಅಳಿಸಿಯೇ ಏಳಬೇಕು.

ಓಟಿಪಿ ಬಂದಾಗ ಸಂದೇಶವನ್ನು ಪೂರ್ತಿ ಓದಬೇಕು, ಅಂಕಿ ಮಾತ್ರವಲ್ಲ. ಯಾವುದಕ್ಕೆ ಬಂದಿದೆ ಎಂದು ಅದರಲ್ಲೇ ಬರೆದಿರುತ್ತದೆ. ವಿಶ್ವವಿದ್ಯಾಲಯದಿಂದ ಎಂದು ಹೇಳಿ ಯಾರೇ ಪಾಸ್‌ವರ್ಡ್ ಕೇಳಿದರೂ ಅದು ಮೋಸ. ಹಣ ಹೋದದ್ದು ಕಂಡ ಕೂಡಲೇ 1930ಕ್ಕೆ ಫೋನ್ ಮಾಡಬೇಕು, ನಾಚಿಕೊಂಡು ಕೂರಬಾರದು. ಇನ್ನೊಂದು ಮಾತು. ಸಂಸ್ಥೆ ಕೊಟ್ಟ ಇ-ಮೇಲ್ ಓದು ಮುಗಿದ ಮೇಲೆ ಮುಚ್ಚಿಹೋಗಬಹುದು. ಜೀವನದ ಕಾಗದಪತ್ರಗಳನ್ನೆಲ್ಲ ಅದರಲ್ಲೇ ಇಡಬೇಡಿ. ಮದುವೆಯ ಆಮಂತ್ರಣ, ಚುನಾವಣೆಯ ಪ್ರಚಾರ, ಪರಿಶೀಲಿಸದ ಸುದ್ದಿಗಳನ್ನು ಅದರಿಂದ ಹಂಚಬೇಡಿ. ಅದು ಓದಿಗಾಗಿ ಕೊಟ್ಟ ಕೋಣೆ.

ಇಷ್ಟೂ ವಿದ್ಯಾರ್ಥಿಯ ಜವಾಬ್ದಾರಿ. ಆದರೆ ಎಲ್ಲ ಭಾರವನ್ನೂ ಹದಿನೆಂಟು ವರ್ಷದ ಮಗುವಿನ ತಲೆಗೆ ಹೊರಿಸುವುದು ನ್ಯಾಯವಲ್ಲ. ಕಣಕುಂಬಿಯ ಕಾಡಂಚಿನ ಹಳ್ಳಿಯಲ್ಲಿ ಫೋನು ಹಿಡಿದು ಗುಡ್ಡ ಹತ್ತುವ ಹುಡುಗನಿಗೆ ಹತ್ತು ನಿಮಿಷದ ಓಟಿಪಿ ಎಂದರೆ ಏನು ಎಂದು ವ್ಯವಸ್ಥೆ ಕಟ್ಟುವವರಿಗೂ ತಿಳಿಯಬೇಕು. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ಬಸ್ಸು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಜ್ಞಾನ ಸಂಗಮವಿರುವ ಮಚ್ಛೆಯನ್ನು ಹಾದುಹೋಗುತ್ತದೆ. ರಾಜ್ಯದ ಗಣಕ ಎಂಜಿನಿಯರುಗಳನ್ನು ತಯಾರಿಸುವ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ 1998ರಿಂದ ನಮ್ಮ ಜಿಲ್ಲೆಯಲ್ಲೇ ಇದೆ. ಅದೇ ರಸ್ತೆಯ ಕೊನೆಯಲ್ಲಿ ನಮ್ಮ ಮಕ್ಕಳ ಪಾಸ್‌ವರ್ಡುಗಳು ಅಂಗಡಿಯ ನೋಟ್‌ಬುಕ್ಕಿನಲ್ಲಿವೆ. ಪ್ರವೇಶದ ತಿಂಗಳಲ್ಲಿ ಕಾಲೇಜುಗಳು ನಾಲ್ಕು ಗಣಕ, ಇಬ್ಬರು ಹಿರಿಯ ವಿದ್ಯಾರ್ಥಿಗಳನ್ನು ಕೂರಿಸಿದರೆ ಸಾಕು. ಜುಮ್ಮಾ ನಮಾಜಿನ ನಂತರ ಮಸೀದಿಯ ಪಕ್ಕದ ಕೋಣೆಯಲ್ಲಿ ಒಂದು ಗಂಟೆ ಇಂಥ ಸಹಾಯಕ್ಕೆ ಮೀಸಲಿಟ್ಟರೆ ಅದೂ ಖಿದ್ಮತ್ತೇ. ಹೆಣ್ಣುಮಕ್ಕಳೂ ಬಂದು ಕುರ್ಚಿಯಲ್ಲಿ ಕೂರುವಂತಿರಬೇಕು, ಬೆನ್ನ ಹಿಂದೆ ನಿಲ್ಲುವಂತಲ್ಲ.

ದಂಡ ಕಟ್ಟಿದ ವಾರವೇ ಖಾನಾಪುರಕ್ಕೆ ಹೋಗಿ ಅವಳ ಹೆಸರಿನಲ್ಲಿ ಸಿಮ್ ತೆಗೆಸಿದೆ. ಅದೇ ಆನ್‌ಲೈನ್ ಸೆಂಟರಿಗೆ ಹೋದೆವು. ನಂಬರ್ ಬದಲಾಯಿಸಲು ಕೊನೆಯ ಸಲ ನನ್ನ ಫೋನಿಗೆ ಓಟಿಪಿ ಬಂತು. ಅಂಕಿ ಹೇಳುವ ಮೊದಲು ಸಂದೇಶವನ್ನು ಪೂರ್ತಿ ಗಟ್ಟಿಯಾಗಿ ಓದಿ ಹೇಳಿದೆ. ಅವಳು ತಲೆಯಾಡಿಸಿದಳು. ಹೊಸ ಪಾಸ್‌ವರ್ಡ್ ಒತ್ತುವಾಗ ನಾನು ಬೀದಿಯ ಕಡೆ ಮುಖ ಮಾಡಿ ನಿಂತೆ. ಅಂಗಡಿಯ ಹುಡುಗ ರೂಢಿಯಂತೆ ನೋಟ್‌ಬುಕ್ ತೆಗೆದ. "ಬೇಡ ಭಯ್ಯಾ, ನನಗ ನೆನಪಿರತೈತಿ" ಎಂದಳು. ಅವನು ಬೇಸರ ಮಾಡಿಕೊಳ್ಳಲಿಲ್ಲ. ಅವಳ ಹಳೆಯ ಸಾಲಿನ ಮೇಲೆ ಗೆರೆ ಎಳೆದು, "ಎಲ್ಲಾರೂ ಹಿಂಗ ಅಂದ್ರ ನನಗೂ ಬರಿಯೂ ತ್ರಾಸ್ ತಪ್ಪತೈತ್ರಿ" ಎಂದು ನಕ್ಕ.

ಆ ಪುಟದಲ್ಲಿ ಇನ್ನೂ ಇಪ್ಪತ್ತೊಂಬತ್ತು ಹೆಸರುಗಳಿದ್ದವು.